ಕೂದಲೆಳೆ ಇಳಿದ ಶ್ರುತಿ

ಜೋಗಪ್ಪ ಸನಾಯಿ ಊದಿದರೆ ಹಿಂದೂಪುರದ ಮಂಡಿಯಲ್ಲಿ ಹುಣಸೆಹಣ್ಣು ಕೂಡ ಸಿಹಿಯಾಗುತ್ತಿತ್ತಂತೆ. ಮಂಡಿಯವರು ಕೈಮುಗಿದು, ಅತ್ತ ಹೋಗಿ ಊದಪ್ಪ ಅನ್ನುತ್ತಿದ್ದರಂತೆ. ನಂಬದಿದ್ದರೆ ಬಿಡಿ. ಆದರೆ ಪಕ್ಕದಲ್ಲೇ ಮೂವತ್ತು ವರ್ಷ ಕೂತು, ಕೆನ್ನೆ ಉಬ್ಬಿಸಿ, ಒಂದೇ ಸ್ವರವನ್ನು ಉಸಿರು ಕಡಿಯದೆ ಹಿಡಿದ ತಮ್ಮ ನರಸಪ್ಪನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಶ್ರುತಿ ಹಿಡಿಯುವವನ ಹಣೆಬರಹವೇ ಅಷ್ಟು.

ಅಣ್ಣನಿಗೆ ತಮ್ಮನ ಮೇಲೆ ಒಂದೇ ತಕರಾರು. ಅವನ ಶ್ರುತಿ ಕೂದಲೆಳೆಯಷ್ಟು ಇಳಿದಿರುತ್ತಿತ್ತು. ರೊದ್ದಂನ ಒಂದು ಮದುವೆಯಲ್ಲಿ ಜನರೆದುರೇ ತಮ್ಮನ ಬಾಯಿಂದ ಶ್ರುತಿಯ ಕೊಳವೆ ಕಿತ್ತುಕೊಂಡು, ಹೋಗಿ ಎಮ್ಮೆ ಕಾಯಿ ಅಂದುಬಿಟ್ಟ. ನರಸಪ್ಪ ಟವಲು ಕೊಡವಿಕೊಂಡು ಬಸ್ಸು ಹತ್ತಿದ. ಮತ್ತೆ ಊದಲಿಲ್ಲ. ವರ್ಷ ತುಂಬುವುದರೊಳಗೆ ಎದೆಯ ಕಾಯಿಲೆಯಲ್ಲಿ ತೀರಿಕೊಂಡ.

ತೊಂಬತ್ತೆಂಟರಲ್ಲಿ ನರಸಪ್ಪನ ಮಗಳು ರಾಮಾಂಜಿನಮ್ಮನಿಗೆ ಕಲ್ಯಾಣದುರ್ಗದ ಗಂಡು ಗೊತ್ತಾಯಿತು. ತಾಳಿ ಕಟ್ಟುವಾಗ ದೊಡ್ಡಪ್ಪನೇ ಊದಬೇಕು ಅಂದಳು.

"ನಮ್ಮಪ್ಪ ಕೂರ್ತಿದ್ದ ಜಾಗದಾಗೆ ಬ್ಯಾರೆ ಯಾರೂ ಕೂರಬಾರ್ದು, ದೊಡ್ಡಪ್ಪ," ಅಂತಲೂ ಅಂದಳು.

ಶ್ರುತಿಯಿಲ್ಲದೆ ಊದುವುದು ಹೇಗೆ? ಜೋಗಪ್ಪ ಹಿಂದೂಪುರದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಓಬುಳಪತಿಯ ಹತ್ತಿರ ಹೋದ. ಓಬುಳಪತಿ ಆಗಷ್ಟೇ ಕಂಪ್ಯೂಟರ್ ತಂದಿದ್ದ. ಅದರೊಳಗಿನ ಒಂದು ಸಾಫ್ಟ್‌ವೇರ್ ಯಾವ ವಾದ್ಯದ ದನಿಯನ್ನಾದರೂ ಹುಟ್ಟಿಸುತ್ತದೆ ಅಂದ. ಅದರಲ್ಲಿ ಮೂರು ಆಸಿಲೇಟರ್ ಇವೆ, ಸುಸ್ತೇ ಆಗದ ಮೂವರು ಊದುವವರು ಕೂತಿದ್ದಾರೆ ಅಂದುಕೋ ಅಂದ.

ಮೊದಲನೆಯದನ್ನು ನುಡಿಸಿದ. ಪರದೆಯ ಮೇಲೆ ಗರಗಸದ ಹಲ್ಲಿನಂಥ ಗೆರೆ ಬಂತು. ದನಿಯೂ ಗರಗಸವೇ. ಫಿಲ್ಟರ್ ಅನ್ನುವುದನ್ನು ತಿರುಗಿಸಿದ, ಮೇಲೆ ಕಂಬಳಿ ಹೊದಿಸಿದ ಹಾಗೆ ಚೂಪು ತಗ್ಗಿತು. ದನಿ ಏಕಾಏಕಿ ಬಡಿಯದೆ, ಕೆನ್ನೆ ತುಂಬಿದಂತೆ ನಿಧಾನಕ್ಕೆ ಏಳುವ ಹಾಗೂ ಮಾಡಿದ. ಜೋಗಪ್ಪ ಮುಖ ಸಿಂಡರಿಸಿ, ಇದು ಹೆಣ ಊದಿದ ಹಾಗಿದೆ ಅಂದ. ಓಬುಳಪತಿ ಎರಡನೆಯದನ್ನೂ ಅದೇ ಸ್ವರಕ್ಕೆ ಕೂಡಿಸಿದ. ಜೋರಾಯಿತೇ ಹೊರತು ಹೆಣ ಹೆಣವೇ.

ಆಮೇಲೆ ಓಬುಳಪತಿ ಮೌಸ್ ಹಿಡಿದು ಎರಡನೆಯದನ್ನು ಚೂರೇ ಚೂರು ಕೆಳಗೆಳೆದ. ದನಿ ತೂಗಿತು. ಮಲಗಿದವನ ಎದೆಯಂತೆ ಏರಿತು, ಇಳಿಯಿತು.

"ಎಲ್ಡೂ ಒಂದೇ ಸಮ ಇದ್ರೆ ಸತ್ತಂಗಿರ್ತದೆ ಜೋಗಣ್ಣ. ಒಂದು ವಸಿ ತಗ್ಗಿದ್ರೇನೆ ಎಲ್ಡಕ್ಕೂ ಜೀವ."

"ಎಷ್ಟು ತಗ್ಸಿದೆ?"

"ಕೂದ್ಲೆಳೆಯಷ್ಟು."

ಜೋಗಪ್ಪ ಕ್ಯಾಸೆಟ್ ತುಂಬಿದ ರಟ್ಟಿನ ಡಬ್ಬದ ಮೇಲೆ ಕೂತ. ಮೂವತ್ತು ವರ್ಷ ಜನ ತಲೆದೂಗಿದ ಆ ತುಂಬುದನಿ ತನ್ನದೇ ಅಂದುಕೊಂಡಿದ್ದ. ಅರ್ಧ ಗಂಟೆ ಕ್ಯಾಸೆಟ್‌ಗೆ ತುಂಬಿಕೊಡು ಅಂತಷ್ಟೇ ಹೇಳಿದ.

ಕಲ್ಯಾಣದುರ್ಗದಲ್ಲಿ, ಪಕ್ಕದ ಖಾಲಿ ಚಾಪೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ಜೋಗಪ್ಪ ಊದಿದ. ಚಪ್ಪರದ ಒಣ ಮಾವಿನೆಲೆ ಮತ್ತೆ ಹಸಿರಾಯಿತು ಅನ್ನುವವರಿದ್ದಾರೆ. ತಾಳಿ ಬಿತ್ತು, ಅಕ್ಷತೆ ಬಿತ್ತು. ಜೋಗಪ್ಪ ನಿಲ್ಲಿಸಿ, ರೂಢಿಯಂತೆ ಪಕ್ಕಕ್ಕೆ ಬೆರಳೆತ್ತಿದ. ಅಣ್ಣ ಬೆರಳೆತ್ತಿದರೆ ತಮ್ಮ ಇನ್ನೊಂದು ಉಸಿರು ಊದಿ ನಿಲ್ಲಿಸಬೇಕು, ಅದು ಅವರ ಮನೆಯ ಕಟ್ಟು.

ಶ್ರುತಿ ನಿಲ್ಲಲಿಲ್ಲ.

ಯಾರೋ ಗುಂಡಿ ಒತ್ತಲು ಬಂದರು. ಜೋಗಪ್ಪ ಅವರ ಕೈ ಹಿಡಿದ. ಜನ ಊಟಕ್ಕೆ ಎದ್ದರು. ಎತ್ತಿದ ಬೆರಳು ಎತ್ತಿದ ಹಾಗೇ ಇತ್ತು.

"ಸಾಕು ಬಿಡ್ಲಾ ನರಸ," ಅಂದ ಮೆಲ್ಲಗೆ. "ಎದೆ ನೋಯ್ತದೆ ನಿಂಗೆ."

ಅಣ್ಣನ ಮಾತನ್ನು ಎಂದೂ ಮೀರದ ತಮ್ಮ ಅವತ್ತು ಕೇಳಲಿಲ್ಲ. ರಾಮಾಂಜಿನಮ್ಮ ಬಂದು, ಅರಿಶಿನದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ಆಚೆ ಬದಿ ಕೂತಳು. ಕ್ಯಾಸೆಟ್ ಮುಗಿಯುವವರೆಗೆ ಇಬ್ಬರೂ ಊಟಕ್ಕೆ ಏಳಲಿಲ್ಲ.