ಬಟನ್ನಿಗೆ ಸಿಕ್ಕಿಸಿದ ಚಕ್ಕೆ

ಪೀಣ್ಯದ ಕಾರ್ಖಾನೆಗಳ ಸದ್ದು ಕೇಳುತ್ತಲೇ ಬೆಳೆದವಳು ನಾನು. ಅವುಗಳ ಬಗ್ಗೆ ಕಥೆ ಬರೆಯಲು ಯಾರನ್ನು ಕೇಳಬೇಕು ಎಂಬ ಜಂಬ ನನಗಿತ್ತು. ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿದೆ, ಬರೆದೆ. ತಗಡು ಒತ್ತುವ ಪವರ್ ಪ್ರೆಸ್ಸಿನಲ್ಲಿ ದುಡಿಯುವ ಹೆಂಗಸು, ಮನೆಯಲ್ಲಿ ಜ್ವರದ ಮಗು. 'ಮಗುವಿನ ನೆನಪಿನಲ್ಲಿ ಆಕೆ ಒಂದು ಕ್ಷಣ ಮೈಮರೆತಳು.' ಎರಡು ಬೆರಳು ಹೋದವು. ಆ ವಾಕ್ಯ ಓದಿ ಕಣ್ಣೀರು ಬಂತೆಂದು ಪತ್ರಿಕೆಯ ಸಂಪಾದಕರು ಹೇಳಿದರು, ವಿಶೇಷಾಂಕಕ್ಕೆ ಆರಿಸಿಯೂ ಬಿಟ್ಟರು. ಅಚ್ಚಾಗಲಿದ್ದ ನನ್ನ ಮೊದಲ ಕಥೆ ಅದು.

ಆ ಸಂಭ್ರಮದಲ್ಲಿ ಅದನ್ನು ಸವಿತಾಳಿಗೆ ಓದಿ ಹೇಳಲು ರಾಜಗೋಪಾಲನಗರಕ್ಕೆ ಹೋದೆ. ಸವಿತಾ ಅಲ್ಲಿನ ನಮ್ಮ ಚಿಕ್ಕಪ್ಪನ ವಠಾರದಲ್ಲಿ ಬಾಡಿಗೆಗಿದ್ದಳು. ಎರಡು ತಿಂಗಳ ಹಿಂದೆ ಪ್ರೆಸ್ಸಿಗೆ ಬಲಗೈಯ ಎರಡು ಬೆರಳು ಕಳೆದುಕೊಂಡಿದ್ದಳು. ಅವಳನ್ನು ನೋಡಿಯೇ ಕಥೆ ಹುಟ್ಟಿದ್ದು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ, ಅದು ಬೇರೆ ವಿಷಯ.

ಓದಿ ಮುಗಿಸಿ ತಲೆಯೆತ್ತಿದೆ. ಅವಳು ಅಳುತ್ತಿರಲಿಲ್ಲ.

"ಅಕ್ಕ, ಎರಡೂ ಕೈ ಕೊಡಿ," ಎಂದು ನನ್ನ ಅಂಗೈಗಳನ್ನು ಮುಂದಿದ್ದ ಟ್ರಂಕಿನ ಎರಡು ತುದಿಗೆ ಒತ್ತಿದಳು. "ಮಿಷಿನ್‌ಗೆ ಇಂಗೆ ಎರಡು ಬಟನ್ ಇರ್ತವೆ. ಎರಡೂ ಒಟ್ಟಿಗೆ ಒತ್ತುದ್ರೇನೇ ಪ್ರೆಸ್ ಕೆಳಕ್ಕೆ ಬರೋದು. ಈಗ ಮೈಮರೀರಿ ನೋಡಾಣ. ಬೆರಳು ಎಂಗೆ ಹೋಯ್ತದೆ?"

ನನ್ನ ಕೈಗಳೆರಡೂ ಟ್ರಂಕಿನ ತುದಿಯಲ್ಲೇ ಇದ್ದವು. ಬೆರಳು ಸಿಕ್ಕಿಕೊಳ್ಳಲು ದಾರಿಯೇ ಇರಲಿಲ್ಲ.

ಅವಳು ಅಕ್ಕಿ ಡಬ್ಬಿಯ ಹಿಂದಿನಿಂದ ಹೆಬ್ಬೆರಳುದ್ದದ ಮರದ ಚಕ್ಕೆ ತೆಗೆದಳು.

"ಸೂಪರ್‌ವೈಸರ್ ಇದ್ನ ಒಂದು ಬಟನ್‌ಗೆ ಸಿಕ್ಕಿಸ್ತಾನೆ. ಅದು ಒತ್ತಿದಂಗೇ ಇರ್ತದೆ. ಆಗ ಒಂದು ಕೈಲಿ ಬಟನ್, ಇನ್ನೊಂದು ಕೈಲಿ ಪ್ರೆಸ್ ಕೆಳಗೆ ತಗಡು ಇಡೋದು. ಪೀಸ್ ಜಾಸ್ತಿ ಬೀಳ್ತವೆ. ಚೆಕಿಂಗ್‌ನೋರು ಬಂದ್ರೆ ಚಕ್ಕೆ ಅವ್ನ ಜೇಬಿಗೆ. ಬೆರಳು ಹೋದ್ ದಿನ ನಾನೇ ಕಿತ್ಕೊಂಡು ಬಂದೆ, ಎಡಗೈಲಿ."

ನಾನು ಟ್ರಂಕಿನಿಂದ ಕೈ ತೆಗೆದೆ.

"ಕಂಪನಿಯೋರೂ ಕಾಗದ ಕೊಟ್ಟವ್ರೆ," ಎಂದಳು. "'ನನ್ನ ಗಮನ ಬೇರೆ ಕಡೆ ಇತ್ತು' ಅಂತ. ಸೈನ್ ಹಾಕುದ್ರೆ ಪ್ಯಾಕಿಂಗ್‌ನಲ್ಲಿ ಕೆಲಸ, ಇಲ್ದಿದ್ರೆ ಮನೆ. ಬೆರಳು ಕಳ್ಕೊಂಡ ನಾನೇ ಸೈನ್ ಹಾಕಿಲ್ಲ. ಹತ್ತೂ ಬೆರಳು ಇಟ್ಕೊಂಡು ನೀವು ಹಾಕ್ಬಿಟ್ರಲ್ಲಕ್ಕ."

ನಾಚಿಕೆಯಿಂದ ಸತ್ತೆ. ಆಮೇಲೆ ಸಿಟ್ಟು ಬಂತು, ಮೊದಲು ನನ್ನ ಮೇಲೆಯೇ. ಅಲ್ಲೇ ಚಾಪೆಯ ಮೇಲೆ ಕೂತು ಜ್ವರ, ಮಗು, ಮೈಮರೆವು ಎಲ್ಲವನ್ನೂ ಹೊಡೆದು ಹಾಕಿದೆ. ಚಕ್ಕೆಯನ್ನು ಬರೆದೆ. ಸವಿತಾ ಎರಡು ಕಡೆ ತಪ್ಪು ಹಿಡಿದಳು, ತಿದ್ದಿದೆ. ಸಂಜೆ ಹೊತ್ತಿಗೆ ಹೊಸ ಕಥೆಯನ್ನು ಸಂಪಾದಕರಿಗೆ ಕಳಿಸಿದೆ.

ಅರ್ಧ ಗಂಟೆಯಲ್ಲಿ ಅವರ ಫೋನ್ ಬಂತು. ಸವಿತಾಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಏನಮ್ಮಾ ವೇಣಿ, ಈ ಚಕ್ಕೆ, ಬಟನ್ನು ಎಲ್ಲ ಯಾರಿಗೆ ಬೇಕು? ಇದು ಬರೀ ವರದಿ ಆಯ್ತು. ಮೈಮರೆತಳು ಅನ್ನೋದೇ ಕಥೆಯ ಜೀವ. ಹಳೇದನ್ನೇ ಹಾಕ್ತೀನಿ, ನೀನು ಹೂಂ ಅನ್ನು ಸಾಕು."

ಬೇಡವೆಂದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಎಂದು ಗೊತ್ತಾಯಿತು. ಸವಿತಾ ಉಳಿದ ಮೂರು ಬೆರಳಲ್ಲಿ ಚಕ್ಕೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಹಳೇ ಕಥೆ ಹಾಕಬೇಡಿ ಸಾರ್," ಎಂದೆ. "ಅವಳು ಮೈಮರೆತಿರಲಿಲ್ಲ. ನಾನೂ ಸೈನ್ ಹಾಕಲ್ಲ."