ಬುಧವಾರದ ಹೊಟ್ಟೆ

ಶಹಾಪುರದಲ್ಲಿ ಡಾಕ್ಟರ್ ಭೀಮರಾಯರ ಅಂಗೈಗೆ ದೊಡ್ಡ ಹೆಸರಿತ್ತು. ಊರಾಚೆ ಕಾಲುವೆ ತೋಡುವಾಗ ಕೂಲಿಯವರಿಗೆಂದು ಹಾಕಿದ ತಗಡಿನ ಶೆಡ್ಡೊಂದು, ಕಾಲುವೆಗೆ ನೀರು ಬಂದು ಸುತ್ತ ಭತ್ತ ಬೆಳೆಯತೊಡಗಿದ ಮೇಲೆ ಗೋಡೆ, ಹಾಸಿಗೆ, ಗೇಟು ಎಲ್ಲ ಪಡೆದು ಆಸ್ಪತ್ರೆಯಾಗಿತ್ತು. ಜನ ಈಗಲೂ ಅದನ್ನು ಕ್ಯಾಂಪ್ ದವಾಖಾನಿ ಅನ್ನುತ್ತಿದ್ದರು. ಅಲ್ಲಿ ಭೀಮರಾಯರು ರೋಗಿಯ ಹೊಟ್ಟೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಕಲ್ಲಂಗಡಿ ಕೊಳ್ಳುವವರ ಹಾಗೆ ನಾಲ್ಕು ಸಲ ತಟ್ಟಿ ರೋಗ ಹೇಳುತ್ತಿದ್ದರು. ಬಹಳ ಸಲ ಅದು ಸರಿಯೇ ಇರುತ್ತಿತ್ತು. ತಪ್ಪಿದಾಗ ರೋಗಿ ಕಲಬುರಗಿಗೆ ಹೋಗುತ್ತಿದ್ದರಿಂದ ಆ ಸುದ್ದಿ ಶಹಾಪುರಕ್ಕೆ ವಾಪಸ್ಸು ಬರುತ್ತಿರಲಿಲ್ಲ.

ಅವರಿಗೆ ನಾಚಿಕೆ ಎಂಬುದು ಗೊತ್ತಿರಲಿಲ್ಲ, ಕನಿಷ್ಠ ಬೇರೆಯವರ ವಿಷಯದಲ್ಲಿ. ವಯಸ್ಸಾದ ಗಂಡಸು ಎದುರು ಕೂತರೆ ಸಾಕು, ಉಚ್ಚಿ ಧಾರಿ ಹೆಂಗದ, ಜೋರದನೋ ತೊಟ್ಟು ತೊಟ್ಟೋ ಎಂದು ಹೊರಗಿನ ಬೆಂಚಿಗೂ ಕೇಳುವಂತೆ ಕೇಳುತ್ತಿದ್ದರು. ಹೀಗಾಗಿ ಯಾವ ಸಾವುಕಾರನ ಧಾರೆ ಎಷ್ಟು ಸಪ್ಪಗಿದೆ ಎಂಬುದು ಅರ್ಧ ಪೇಟೆಗೆ ತಿಳಿದಿತ್ತು.

ಆಸ್ಪತ್ರೆಗೆ ಹೊಸ ಅಲ್ಟ್ರಾಸೌಂಡ್ ಮಷೀನು ಬಂದದ್ದು ಚಂದಮ್ಮನ ಹಟದಿಂದ. ಚಂದಮ್ಮ ಹತ್ತಿಕುಣಿಯ ಹುಡುಗಿ. ಅವಳ ತಾಯಿ ಬೇರೆಯವರ ಹೊಲದಲ್ಲಿ ನಾಟಿ ಮಾಡಿ ಮಗಳನ್ನು ಡಾಕ್ಟರು ಓದಿಸಿದ್ದಳು. ಓದು ಮುಗಿದ ಮೇಲೆ ಚಂದಮ್ಮ ಭೀಮರಾಯರ ಕೈಕೆಳಗೇ ಕೆಲಸ ಕಲಿತು, ಆಮೇಲೆ ಹೈದರಾಬಾದಿಗೆ ಹೋಗಿ ಸ್ಕ್ಯಾನಿಂಗ್ ತರಬೇತಿ ಮುಗಿಸಿಕೊಂಡು ಬಂದಿದ್ದಳು. ಬಂದವಳೇ ಆಡಳಿತ ಮಂಡಳಿಯವರ ಬೆನ್ನು ಹತ್ತಿದಳು. ಸ್ಕ್ಯಾನಿಂಗ್ ಅಂದರೆ ಬರೀ ಬಸುರಿಯರಿಗಲ್ಲ, ಉಸಿರಾಟದ ತೊಂದರೆಯವರು ಬಂದರೆ ಎದೆಯಲ್ಲಿ ನೀರಿದೆಯೋ ಎಂದು ನಿಂತಲ್ಲೇ ನೋಡಬಹುದು, ಹೊಟ್ಟೆನೋವಿಗೆ ಯಾದಗಿರಿಗೆ ಓಡಿಸಬೇಕಿಲ್ಲ, ಎಲ್ಲ ಡಾಕ್ಟರರೂ ಇದನ್ನು ಕಲಿಯಬೇಕು ಎಂಬುದು ಅವಳ ವಾದ. ಮಂಡಳಿ ಒಪ್ಪಿತು. ಪ್ರತಿ ಬುಧವಾರ ಮಧ್ಯಾಹ್ನ ಪಾಠ ಎಂದು ಗೊತ್ತಾಯಿತು.

ಭೀಮರಾಯರು ಈ ಪಾಠಕ್ಕೆ ಬರುತ್ತಿದ್ದರು, ಆದರೆ ಬಾಗಿಲಲ್ಲಿ ನಿಂತು ನಗುವುದಕ್ಕೆ ಮಾತ್ರ. ಪರದೆಯ ಮೇಲೆ ಕಾಣುವುದೆಲ್ಲ ತಮಗೆ ಕವಿದ ಮುಗಿಲಿನ ಹಾಗೆ ಕಾಣುತ್ತದೆ, ಅದರಲ್ಲಿ ಯಾರಿಗೆ ಯಕೃತ್ತು ಬೇಕೋ ಅವರಿಗೆ ಯಕೃತ್ತು, ಯಾರಿಗೆ ಆನೆ ಬೇಕೋ ಅವರಿಗೆ ಆನೆ ಎನ್ನುತ್ತಿದ್ದರು.

ಕಷ್ಟವಿದ್ದದ್ದು ಹೊಟ್ಟೆಗಳದ್ದು. ಕಲಿಯುವವರಿಗೆ ಮಲಗಿಕೊಳ್ಳಲು ಒಬ್ಬರು ಬೇಕಲ್ಲ. ಮೊದಲ ಬುಧವಾರ ರಂಗಂಪೇಟೆಯವನೊಬ್ಬ ತಾನೇ ತಾನಾಗಿ ಬಂದ. ಮಲಗುವ ಮೊದಲು ಮೆಲ್ಲಗೆ, ಸೊಸೆಯನ್ನೂ ಕರೆತಂದಿದ್ದೇನೆ, ಗಂಡೋ ಹೆಣ್ಣೋ ಒಂದು ಮಾತು ಹೇಳಿಬಿಟ್ಟರೆ ಆಯಿತು ಎಂದ. ಚಂದಮ್ಮ ಗೋಡೆಯ ಮೇಲಿನ ಕಾನೂನಿನ ಬೋರ್ಡನ್ನು ತೋರಿಸಿ, ಅದನ್ನು ಅವನ ಕೈಲೇ ಗಟ್ಟಿಯಾಗಿ ಓದಿಸಿ, ಹೊರಗೆ ಕಳಿಸಿದಳು. ಎರಡನೆಯ ಬುಧವಾರ ಹತ್ತಿ ವ್ಯಾಪಾರಿ ಖಂಡಪ್ಪ ಬಂದ. ಪುಕ್ಕಟೆ ಸಿಗುವ ಯಾವುದನ್ನೂ ಬಿಡದ ಮನುಷ್ಯ. ಅವನ ಯಕೃತ್ತು ಬೆಳ್ಳಗೆ ಹೊಳೆಯುವುದನ್ನು ಕಂಡು ಚಂದಮ್ಮ, ಕುಡಿಯುವ ಅಭ್ಯಾಸವಿದೆಯೇ ಎಂದು ಕೇಳಿದಳು. ಅಷ್ಟೇ. ಸಂಜೆಯೊಳಗೆ ಖಂಡಪ್ಪ ಪೇಟೆಯಲ್ಲೆಲ್ಲ, ಆ ಮಷೀನಿನಲ್ಲಿ ನಿನ್ನೆ ಕುಡಿದ ಬಾಟಲಿಯ ಚೀಟಿ ಸಮೇತ ಕಾಣುತ್ತದೆ ಎಂದು ಹೇಳಿ ಮುಗಿಸಿದ್ದ. ಮರುವಾರದಿಂದ ಶಹಾಪುರದ ಗಂಡಸರಾರೂ ಆ ಕೋಣೆಯ ಕಡೆ ತಲೆ ಹಾಕಲಿಲ್ಲ.

ಉಳಿದವನು ಮೌನಪ್ಪ. ಹೆಸರಿಗೆ ವಿರುದ್ಧವಾಗಿ ಒಂದು ಗಳಿಗೆಯೂ ಬಾಯಿ ಮುಚ್ಚದ ಕಿರಿಯ ಡಾಕ್ಟರು. ಅವನೇ ಮಲಗಿದರೆ ಅವನೇ ಕಲಿಯುವಂತಿಲ್ಲ. ಮೇಲಾಗಿ ಅವನೆಷ್ಟು ತೆಳ್ಳಗೆಂದರೆ ಹೊಟ್ಟೆಯ ಮೇಲೆ ಮಷೀನಿನ ಪ್ರೋಬ್ ಇಟ್ಟರೆ ನೇರ ಬೆನ್ನುಮೂಳೆಗೇ ಬಡಿಯುತ್ತಿತ್ತು.

ಅಂಥದೊಂದು ಬುಧವಾರ ಭೀಮರಾಯರು ಬಾಗಿಲಲ್ಲಿ ನಿಂತು ಈ ಪರದಾಟ ನೋಡಿ ಅಂಗಿ ಬಿಚ್ಚಿದರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬೆನ್ನ ಕಡೆ ಸರಿಸಿಕೊಂಡು, ದೊಡ್ಡ ಹೊಟ್ಟೆಯನ್ನು ಮೇಲೆ ಮಾಡಿ ಮಲಗಿದರು.

"ನಮ್ಮಾಕಿ ಇವತ್ತ ಏನ್ ಉಣಿಸ್ಯಾಳ, ನೋಡಿ ಹೇಳ್ರಿ" ಅಂದರು.

ಜೆಲ್ ತಣ್ಣಗೆ ತಾಗಿದಾಗ ಒಮ್ಮೆ ಬೆಚ್ಚಿದರು. ಆಮೇಲೆ ಮಜಾ ಶುರುವಾಯಿತು. ಮೌನಪ್ಪ ಪಿತ್ತಕೋಶಕ್ಕೆ ದೊಡ್ಡ ರಕ್ತನಾಳ ಎಂದ, ಹೊಟ್ಟೆಯ ಗಾಳಿಗೆ ಕಲ್ಲು ಎಂದ. ಭೀಮರಾಯರು ಒಂದೊಂದಕ್ಕೂ ಹೊಟ್ಟೆ ಕುಣಿಸಿ ನಕ್ಕರು, ನಕ್ಕಾಗ ಪರದೆಯೆಲ್ಲ ಅಲುಗಿತು. ಚಂದಮ್ಮ ಸಹನೆಯಿಂದ ಅವನ ಕೈ ಹಿಡಿದು ತಿರುಗಿಸಿ ತೋರಿಸಿದಳು. ಕೊನೆಗೆ ಪ್ರೋಬನ್ನು ಕೆಳಹೊಟ್ಟೆಗೆ ತಂದರು. ಅಲ್ಲಿ ಮೂತ್ರಕೋಶ ದೊಡ್ಡ ಕಪ್ಪು ಗುಂಡಾಗಿ ಕಂಡಿತು. ನೀರು ಪರದೆಯಲ್ಲಿ ಕಪ್ಪಗೆ ಕಾಣುತ್ತದೆ, ಈಗ ಸರ್ ಮೂತ್ರಕ್ಕೆ ಹೋಗಿ ಬಂದರೆ ಇದು ಮುದುಡಿ ಸಣ್ಣದಾಗುವುದನ್ನೂ ನೋಡಬಹುದು ಎಂದು ಚಂದಮ್ಮ ವಿವರಿಸಿದಳು.

ಭೀಮರಾಯರು ಎದ್ದು ಹೋದರು. ಬಹಳ ಹೊತ್ತಾದ ಮೇಲೆ ಬಂದು ಮಲಗಿದರು. ಕಪ್ಪು ಗುಂಡು ಹಾಗೆಯೇ ಇತ್ತು.

"ಸರ್, ನೀವು ಹೋಗೇ ಇಲ್ಲ" ಅಂದ ಮೌನಪ್ಪ.

ಹೋಗಿದ್ದೆ ಎಂದು ಅವರು ಗದರಿದರು. ಮತ್ತೊಮ್ಮೆ ಹೋಗಿ ಬಂದರು. ಈ ಸಲ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಗುಂಡು ಕದಲಲಿಲ್ಲ. ಅದರ ಕೆಳಗೆ, ನಿಂಬೆಕಾಯಿಯಷ್ಟಿರಬೇಕಾದ ಕಡೆ ಮೋಸಂಬಿಯಷ್ಟು ದಪ್ಪದ್ದೊಂದು ಕೂತಿದ್ದು ಚಂದಮ್ಮನ ಕಣ್ಣಿಗೆ ಬಿತ್ತು. ಉಳಿದವರನ್ನು ಚಹಾಕ್ಕೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಪ್ರಾಸ್ಟೇಟ್ ಗ್ರಂಥಿ ಊದಿದೆ, ಮೂತ್ರ ಪೂರ್ತಿ ಹೊರಗೆ ಹೋಗುತ್ತಿಲ್ಲ, ಕಲಬುರಗಿಯಲ್ಲಿ ತೋರಿಸಿಕೊಳ್ಳಬೇಕು ಎಂದು ತಗ್ಗಿದ ದನಿಯಲ್ಲಿ ಹೇಳಿದಳು.

ಭೀಮರಾಯರಿಗೆ ಇದು ಹೊಸ ಸುದ್ದಿಯಲ್ಲ. ವರ್ಷದಿಂದ ತಮ್ಮ ಧಾರೆ ಏನಾಗಿದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ತಾವೇ ಕಲಿಸಿದ ಹುಡುಗಿಯ ಬಾಯಿಂದ ಕೇಳುವುದು ಬೇರೆ. ಅವರ ಮುಖ ಕೆಂಪಾಯಿತು. ಮಷೀನು ಕೆಟ್ಟಿದೆ ಎಂದರು. ಕೆಟ್ಟಿಲ್ಲ ಎಂದಳು ಚಂದಮ್ಮ. ಹಾಗಾದರೆ ಸಾಬೀತಾಗಲಿ ಎಂದು ಅಂಗಿ ತೊಟ್ಟು ಹೊರಗೆ ಬಂದ ಭೀಮರಾಯರು, ಆಸ್ಪತ್ರೆಯ ಗಂಡಸರೆಲ್ಲ ಹೊಟ್ಟೆ ತುಂಬ ನೀರು ಕುಡಿದು ಸ್ಕ್ಯಾನಿಂಗ್ ಕೋಣೆಯ ಮುಂದೆ ನಿಲ್ಲಬೇಕೆಂದು ಹುಕುಂ ಮಾಡಿದರು.

ಅಂಥ ಮಧ್ಯಾಹ್ನವನ್ನು ಕ್ಯಾಂಪ್ ದವಾಖಾನಿ ಹಿಂದೆಂದೂ ಕಂಡಿರಲಿಲ್ಲ. ಔಷಧಿ ಕೊಡುವ ಮನ್ಸೂರಅಲಿ, ಕಾವಲುಗಾರ ಬೀರಣ್ಣ, ಆಂಬುಲೆನ್ಸ್ ಓಡಿಸುವವರು, ಆಕ್ಸಿಜನ್ ಸಿಲಿಂಡರ್ ಇಳಿಸಲು ಬಂದಿದ್ದ ಲಾರಿಯವರು, ಎಲ್ಲರೂ ತಂಬಿಗೆ ಎತ್ತಿ ನೀರು ಕುಡಿದು, ಕಾಲು ಅದಲುಬದಲು ಮಾಡುತ್ತ ಸಾಲುಗಟ್ಟಿ ನಿಂತರು. ಒಬ್ಬೊಬ್ಬರೂ ಮಲಗಿ ತೋರಿಸುವುದು, ಪಾಯಖಾನೆಗೆ ಓಡುವುದು, ಬಂದು ಮತ್ತೆ ತೋರಿಸುವುದು. ಹಿರಿಯ ನರ್ಸ್ ಬಾಲಮ್ಮ ಈ ಹುಚ್ಚಾಟ ನೋಡಲಾರದೆ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ವಾರ್ಡಿಗೆ ಹೋದಳು. ಪ್ರತಿಯೊಬ್ಬನ ಮೂತ್ರಕೋಶವೂ ಹೋಗಿ ಬಂದ ಮೇಲೆ ಚಪ್ಪಟೆಯಾಗಿರುತ್ತಿತ್ತು. ಭೀಮರಾಯರಿಗಿಂತ ಹಿರಿಯನಾದ ಬೀರಣ್ಣನದಂತೂ ಹುಡುಕಿದರೂ ಸಿಗಲಿಲ್ಲ. ಅವನು ಮೀಸೆ ತಿರುವಿಕೊಂಡು, ಬೇಕಾದರೆ ಇನ್ನೊಂದು ತಂಬಿಗೆ ಕುಡಿದು ತೋರಿಸುವುದಾಗಿ ಹೇಳಿದ.

ಭೀಮರಾಯರ ಕೊನೆಯ ವಾದ, ತಮಗೆ ಬೊಜ್ಜು ಜಾಸ್ತಿ, ಅದಕ್ಕೆ ಮಷೀನು ಮೋಸ ಹೋಗುತ್ತದೆ ಎಂಬುದು. ಅಷ್ಟರಲ್ಲಿ ತನ್ನ ಗುಳಿಗೆ ಒಯ್ಯಲು ಬಂದ ಖಂಡಪ್ಪ ಸಿಕ್ಕಿಬಿದ್ದ. ಅವನ ಹೊಟ್ಟೆ ಭೀಮರಾಯರದಕ್ಕಿಂತ ಒಂದು ಗೇಣು ಮುಂದೆ. ಅವನಿಗೂ ನೀರು ಕುಡಿಸಿ ಮಲಗಿಸಿದರು. ಹೋಗಿ ಬಂದ ಮೇಲೆ ಖಂಡಪ್ಪನ ಮೂತ್ರಕೋಶದಲ್ಲಿ ಒಂದು ಚಮಚದಷ್ಟೂ ಉಳಿದಿರಲಿಲ್ಲ.

ಆ ದಿನ ಮೌನಪ್ಪ ಮೂತ್ರಕೋಶ ನೋಡುವುದರಲ್ಲಿ ಪಳಗಿಹೋದ. ಭೀಮರಾಯರು ಮನೆಗೆ ಹೋದರು. ಹೋಗುವಾಗ ಚಂದಮ್ಮನನ್ನು ಪಕ್ಕಕ್ಕೆ ಕರೆದು, ಈ ವಿಷಯ ಮನೆಯವರ ಕಿವಿಗೆ ಬೀಳಬಾರದೆಂದು ತಾಕೀತು ಮಾಡಿದರು. ಅವಳು ಒಪ್ಪಿದಳು, ಆದರೆ ದಿನಾ ಬೆಳಿಗ್ಗೆ ಅವರನ್ನು ಕಂಡೊಡನೆ ಕಲಬುರಗಿಗೆ ಯಾವಾಗ ಎಂದು ಕೇಳುತ್ತಿದ್ದಳು. ಅವರು ಅವಳನ್ನು ಕಂಡರೆ ಬೇರೆ ಬಾಗಿಲಿನಿಂದ ಹೋಗತೊಡಗಿದರು. ಚಂದಮ್ಮನಿಗೆ ಸಿಟ್ಟೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಮುಂದಿನ ತಿಂಗಳು ಸುರಪುರದಲ್ಲಿ ಭೀಮರಾಯರ ತಂಗಿಯ ಮಗಳ ನಿಶ್ಚಯ. ಹಿಂದಿನ ದಿನ ಅವರಿಗೆ ನೆಗಡಿ. ತಮಗೆ ತಾವೇ ಒಂದು ಗುಳಿಗೆ ಬರೆದುಕೊಂಡು ನುಂಗಿದರು. ಪ್ರಾಸ್ಟೇಟ್ ಊದಿದವರು ನುಂಗಬಾರದ ಗುಳಿಗೆ ಅದು. ರೋಗಿಗಳಿಗೆ ಬೇಡವೆಂದು ಅವರೇ ಎಷ್ಟೋ ಸಲ ಹೇಳಿದ್ದರು. ಮರುದಿನ ಹೋಳಿಗೆ ಊಟ ಮುಗಿಯುವ ಹೊತ್ತಿಗೆ ಬಾಗಿಲು ಪೂರ್ತಿ ಮುಚ್ಚಿತು. ಒಂದು ಹನಿಯೂ ಇಲ್ಲ. ತಂಗಿಯ ಮನೆಯ ಬಚ್ಚಲಿಗೆ ಹೋಗುವುದು, ಬೆವರಿಕೊಂಡು ಬರುವುದು, ಮತ್ತೆ ಹೋಗುವುದು. ಗಂಡಿನ ಕಡೆಯವರು ಹೋಳಿಗೆ ಕೆಟ್ಟಿತ್ತೇನೋ ಎಂದು ಪಿಸುಗುಟ್ಟತೊಡಗಿದಾಗ ಹೆಂಡತಿ ಮರಿಲಿಂಗಮ್ಮ ಅವರನ್ನು ಜೀಪಿಗೆ ಹತ್ತಿಸಿದಳು.

ಸುರಪುರದಿಂದ ಶಹಾಪುರದವರೆಗಿನ ರಸ್ತೆಯ ಒಂದೊಂದು ಗುಂಡಿಯೂ ಆ ದಿನ ಭೀಮರಾಯರಿಗೆ ತನ್ನ ಪರಿಚಯ ಹೇಳಿಕೊಂಡಿತು. ನೋವು ತಾಳಲಾರದೆ ಅವರು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದರು. ರಾತ್ರಿ ಮೂರು ನಾಲ್ಕು ಸಲ ಏಳುತ್ತಿದ್ದುದು ಜಪಕ್ಕಲ್ಲ ಎಂಬುದನ್ನೂ ಹೇಳಿದರು. ಮರಿಲಿಂಗಮ್ಮ ಗಂಡನ ಜಪದ ಮಹಿಮೆಯನ್ನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ನೆರೆಮನೆಯ ಸುಗಲಮ್ಮ ತನ್ನ ಗಂಡನಿಗೂ ಅವರ ಹಾಗೆ ಏಳಲು ಬುದ್ಧಿ ಹೇಳಿದ್ದಳು.

"ಶಿವನ ಹೆಸರಾ ಸಿಕ್ತೇನ್ರಿ ನಿಮಗ, ಝೂಟ ಹೇಳಾಕ?" ಎಂದಳು ಮರಿಲಿಂಗಮ್ಮ. ಆಮೇಲೆ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಆಸ್ಪತ್ರೆಯಲ್ಲಿ ಅಂದು ಡ್ಯೂಟಿಯಲ್ಲಿದ್ದವನು ಮೌನಪ್ಪ. ಗುರುವಿನಿಂದ ಕಲಿತದ್ದನ್ನು ಅವನು ಮರೆಯುವವನಲ್ಲ. ಸ್ಟ್ರೆಚರಿನ ಮೇಲಿದ್ದವರ ಹತ್ತಿರ ಬಾಗಿ, ಇಡೀ ವಾರ್ಡು ತಿರುಗಿ ನೋಡುವಂತೆ, ಉಚ್ಚಿ ಎಂದಿನಿಂದ ನಿಂತಿದೆ, ಮೊದಲು ಧಾರೆ ಹೇಗಿತ್ತು ಎಂದು ಕೇಳಿದ. ಭೀಮರಾಯರು ಕಣ್ಣು ಮುಚ್ಚಿಕೊಂಡು ಉತ್ತರ ಹೇಳಿದರು. ಮೂಲೆಯ ಹಾಸಿಗೆಯ ಮುದುಕನೊಬ್ಬ, ಹೋದ ವರ್ಷ ಇದೇ ಪ್ರಶ್ನೆಗೆ ಇದೇ ಡಾಕ್ಟರರಿಗೆ ಉತ್ತರ ಕೊಟ್ಟವನು, ಪಕ್ಕಕ್ಕೆ ಹೊರಳಿ ಹೊದಿಕೆಯೊಳಗೆ ನಕ್ಕ.

ಚಂದಮ್ಮ ಓಡಿ ಬಂದು ಸ್ಟ್ರೆಚರನ್ನು ಸ್ಕ್ಯಾನಿಂಗ್ ಕೋಣೆಗೆ ತಳ್ಳಿಸಿದಳು. ಕೆಳಹೊಟ್ಟೆಯ ಗುಂಡು ಹೊಕ್ಕುಳದವರೆಗೆ ಏರಿತ್ತು. ಅವಳು ಪ್ರೋಬನ್ನು ಪಕ್ಕೆಗೆ ಒಯ್ದಳು, ನಂತರ ಇನ್ನೊಂದು ಪಕ್ಕೆಗೆ. ಪರದೆಯನ್ನು ಭೀಮರಾಯರ ಕಡೆ ತಿರುಗಿಸಿದಳು. ಮೂತ್ರಪಿಂಡದ ನಡುವೆ, ಇರಬಾರದ ಕಡೆ, ಕಪ್ಪು ಕವಲೊಡೆದಿತ್ತು. ಇಷ್ಟು ದಿನ ಅದರಲ್ಲಿ ಮುಗಿಲು ಕಂಡಿದ್ದವರು ಈಗ ನೋಡಿದ ಕೂಡಲೇ ತಿಳಿದುಕೊಂಡರು.

"ಎರಡೂ ಕಡಿ ನೀರ್ ನಿಂತದೇನು?"

"ಎರಡೂ ಕಡಿ, ಸರ್."

ಕಾಲುವೆಯ ಗೇಟು ಮುಚ್ಚಿದರೆ ನೀರು ಹಿಂದಿನವರ ಹೊಲ ಹೊಗುತ್ತದೆ ಎಂಬುದು ಶಹಾಪುರದಲ್ಲಿ ಎಲ್ಲರಿಗೂ ಗೊತ್ತು. ಇನ್ನೂ ಕೆಲವು ವಾರ ಹೀಗೆ ಕಳೆದಿದ್ದರೆ ಮೂತ್ರಪಿಂಡಗಳ ಗತಿ ಏನಾಗುತ್ತಿತ್ತೆಂದು ಭೀಮರಾಯರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚಂದಮ್ಮ ಅವರ ಕೈಯನ್ನು ಒಂದು ಕ್ಷಣ ಹಿಡಿದಳು. ಸುತ್ತ ಬಟ್ಟೆಯ ಪರದೆ ಎಳೆದು, ಬಾಲಮ್ಮನೊಂದಿಗೆ ಸೇರಿ ಮೂತ್ರದ ಪೈಪು ಹಾಕಿದಳು. ಚೀಲ ತುಂಬಿತು, ಎರಡನೆಯದನ್ನು ತಂದರು. ಭೀಮರಾಯರ ಕಣ್ಣಲ್ಲಿ ನೀರು ಬಂತು. ಅದು ಸುಖದ್ದೋ ಅವಮಾನದ್ದೋ ಅವರಿಗೇ ತಿಳಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಅವರು ಅಂದರು, "ಆವತ್ತ ಮಷೀನ್ ಖರೇನ ಹೇಳಿತ್ತು ಬಿಡವ್ವ ತಂಗಿ."

"ಮಷೀನ್ ಏನೂ ಹೇಳಿಲ್ರಿ ಸರ್" ಅಂದಳು ಚಂದಮ್ಮ. "ನಾ ಹೇಳಿದ್ದೆ."

ಭೀಮರಾಯರು ಹೌದು ಎಂದು ತಲೆಯಾಡಿಸಿದರು.

ಕಲಬುರಗಿಯಲ್ಲಿ ಆಪರೇಷನ್ ಆಯಿತು. ಮೂತ್ರಪಿಂಡಗಳು ಮೊದಲಿನ ಹಾಗಾದವು. ಒಂದೂವರೆ ತಿಂಗಳ ಮೇಲೆ ಭೀಮರಾಯರು ಕೆಲಸಕ್ಕೆ ಮರಳಿದರು. ಬುಧವಾರ ಮಧ್ಯಾಹ್ನ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು, ಮೌನಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತರು. ಕಲಿಯಲು ಅವರು ಮಹಾ ದಡ್ಡರಾಗಿದ್ದರು. ಅಷ್ಟು ವರ್ಷ ಹೊಟ್ಟೆ ತಟ್ಟಿದ ಕೈ ಪ್ರೋಬನ್ನೂ ಹಾಗೇ ಒತ್ತುತ್ತಿತ್ತು. ಮಲಗಿದವರು ಅಯ್ಯೋ ಅನ್ನುತ್ತಿದ್ದರು. ಚಂದಮ್ಮ ಇಟ್ಟ ಪರೀಕ್ಷೆಯಲ್ಲಿ ಮೌನಪ್ಪ ಪಾಸಾದ, ಭೀಮರಾಯರು ಎಡಗಡೆಯ ಮೂತ್ರಪಿಂಡ ಸಿಗದೆ ಫೇಲಾದರು.

ಅವರಿಗೆ ಭಯಂಕರ ಸಿಟ್ಟು ಬಂತು. ಮನೆಯಲ್ಲಿ ಅಭ್ಯಾಸ ಮಾಡುತ್ತೇನೆ, ಭಾನುವಾರದ ಮಟ್ಟಿಗೆ ಮಷೀನು ಕೊಡು ಎಂದು ಕೇಳಿದರು. ಕಾನೂನಿನ ಪ್ರಕಾರ ನೋಂದಣಿಯಾದ ಕೋಣೆಯಿಂದ ಅದನ್ನು ಹೊರಗೆ ಒಯ್ಯುವಂತಿಲ್ಲ, ನೀವಾದರೂ ಅಷ್ಟೇ, ಯಾರಾದರೂ ಅಷ್ಟೇ ಎಂದಳು ಚಂದಮ್ಮ. ಹಾಗಾಗಿ ಭಾನುವಾರ ಅವಳ ಎದುರಿಗೇ, ಅದೇ ಕೋಣೆಯಲ್ಲಿ, ಮರಿಲಿಂಗಮ್ಮ ಬಲ ಮಗ್ಗುಲಾಗಿ ಮಲಗಿದಳು. ಮೊದಲಿಗೆ ಅವಳಿಗೆ ನಾಚಿಕೆಯಾಗಿತ್ತು. ಗಂಡ ಒಂದೇ ಪಕ್ಕೆಯ ಮೇಲೆ ಬೆವರು ಸುರಿಸುತ್ತ ಹುಡುಕುವುದನ್ನು ನೋಡನೋಡುತ್ತ ಅದು ಹೋಗಿ ನಿದ್ದೆ ಬರತೊಡಗಿತು.

"ಸಿಕ್ತೇನ್ರಿ?" ಎಂದು ಕೇಳಿದಳು.

"ಹುಡುಕಾಕತ್ತೀನಿ ತಡಿ."

"ಲಗೂನ ಹುಡುಕ್ರಿ. ಹಿಟ್ಟು ನಾದಿಟ್ಟು ಬಂದೀನಿ."

ಚಂದಮ್ಮ ಕೈ ಮುಂದೆ ಮಾಡದೆ, ಇನ್ನೊಂಚೂರು ಬೆನ್ನ ಕಡೆಗೆ, ಇನ್ನೊಂಚೂರು ಮೇಲೆ, ಒತ್ತಬೇಡಿ ಎಂದು ಮಾತಿನಲ್ಲೇ ಹೇಳಿದಳು. ಭೀಮರಾಯರು ಉಸಿರು ಬಿಗಿಹಿಡಿದು ಕೈ ಹಗುರ ಮಾಡಿದರು. ಬೂದು ಮಬ್ಬಿನೊಳಗಿಂದ ಮೂತ್ರಪಿಂಡ ಮೆಲ್ಲಗೆ ಮೂಡಿ, ಮರಿಲಿಂಗಮ್ಮ ಉಸಿರಾಡಿದ ಹಾಗೆಲ್ಲ ಕೆಳಗೆ ಸರಿದು ಮೇಲೆ ಬರತೊಡಗಿತು. ಎಲ್ಲೂ ಕಪ್ಪು ಇರಲಿಲ್ಲ. ಅವರು ಅದನ್ನೇ ನೋಡುತ್ತ ಕೂತರು. ಮರಿಲಿಂಗಮ್ಮ ಇನ್ನು ಏಳಲೇನು ಎಂದು ಕೇಳಿದಳು. ಭೀಮರಾಯರು ಇನ್ನೂ ಸ್ವಲ್ಪ ಮಲಗು ಎಂದರು.