ತಾನೇ ಹತ್ತಿ ತಾನೇ ಆರುವ ಜನರೇಟರ್

ಹನುಮಸಾಗರದಿಂದ ಕುಷ್ಟಗಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ಹುಲಿಗೆಮ್ಮನ ಹ್ಯಾಚರಿ ಇದೆ. ತಗಡು ಹೊದಿಸಿದ ಉದ್ದನೆಯ ಕಟ್ಟಡ. ಒಳಗೆ ಬಟ್ಟೆಯ ಬೀರುವಿಗಿಂತ ಎತ್ತರದ ಮಿಶನ್ನುಗಳು. ಅವುಗಳೊಳಗೆ ಜವಾರಿ ಕೋಳಿಯ ತತ್ತಿ ಇಟ್ಟು ಬಾಗಿಲು ಹಾಕಿದರೆ ಮೂರು ವಾರಕ್ಕೆ ಮರಿ. ಮರಿಗಳನ್ನು ಬುಟ್ಟಿಗೆ ತುಂಬಿ, ಗೂಡ್ಸ್ ಗಾಡಿಯಲ್ಲಿ ಯಲಬುರ್ಗಾ, ಗಂಗಾವತಿಯ ಸಂತೆಗಳಿಗೆ ಒಯ್ದು ಮಾರುವುದು ಗಂಡ ರಾಮಾಂಜನೇಯನ ಕೆಲಸ. ಮಿಶನ್ನು ನೋಡಿಕೊಳ್ಳುವುದು ಹುಲಿಗೆಮ್ಮನ ಕೆಲಸ.

ನೋಡಿಕೊಳ್ಳುವುದು ಎಂದರೆ ಹೆಚ್ಚಾಗಿ ಕೇಳಿಸಿಕೊಳ್ಳುವುದೇ. ಮಿಶನ್ನಿನ ಫ್ಯಾನು ಗುಂಯ್ ಎನ್ನುತ್ತಿರುವ ತನಕ ಎಲ್ಲ ಛಲೋ. ಆ ಸದ್ದು ನಿಂತಿತೆಂದರೆ ಕರೆಂಟು ಹೋಯಿತೆಂದೇ ಅರ್ಥ. ರೊಟ್ಟಿ ಬಡಿಯುತ್ತಿರಲಿ, ನೆಂಟರ ಜೊತೆ ಮಾತಾಡುತ್ತಿರಲಿ, ಎದ್ದು ಓಡಬೇಕು. ಹಿತ್ತಲಿನ ಹಳೇ ಜನರೇಟರಿನ ಹಿಡಿಕೆ ಗರಗರ ತಿರುವಿ ಚಾಲೂ ಮಾಡಿ, ಗೋಡೆಯ ಮೇಲಿನ ದಪ್ಪ ಸ್ವಿಚ್ಚನ್ನು ಈ ಕಡೆಯಿಂದ ಆ ಕಡೆ ಎಳೆಯಬೇಕು. ಮರಿ ತತ್ತಿ ಒಡೆದು ಹೊರಬರುವ ಕೊನೆಯ ದಿನಗಳಲ್ಲಂತೂ ತಡಮಾಡುವಂತೆಯೇ ಇಲ್ಲ. ಗಾಳಿಯಾಡದಿದ್ದರೆ ಒಳಗೇ ಉಸಿರುಗಟ್ಟಿ ಸಾಯುತ್ತವೆ.

ಒಮ್ಮೆ ಹಾಗೆಯೇ ಆಗಿತ್ತು. ತಮ್ಮನ ಮದುವೆಗೆಂದು ಹುಲಿಗೆಮ್ಮ ಯಲಬುರ್ಗಾಕ್ಕೆ ಹೋಗಿದ್ದಳು. ಇನ್ನೂ ಅಕ್ಷತೆ ಬಿದ್ದಿರಲಿಲ್ಲ, ಫೋನು ಬಂತು. ಅತ್ತೆ ಫಕೀರಮ್ಮ ಅಳುತ್ತಿದ್ದಳು. ಕರೆಂಟು ಹೋಗಿತ್ತು, ಹಿಡಿಕೆ ಎಷ್ಟು ತಿರುವಿದರೂ ಜನರೇಟರ್ ಚಾಲೂ ಆಗಿರಲಿಲ್ಲ. ಹುಲಿಗೆಮ್ಮ ಸಿಕ್ಕ ಬಸ್ಸು ಹತ್ತಿ ಬರುವಷ್ಟರಲ್ಲಿ ಮಿಶನ್ನಿನ ಒಳಗೆ ಚಿಂವ್ ಎನ್ನುವ ಒಂದು ಮರಿಯೂ ಉಳಿದಿರಲಿಲ್ಲ. ಅಂಗೈ ತುಂಬ ಬೊಬ್ಬೆ ಎದ್ದ ಮುದುಕಿ ಹೊಸ್ತಿಲ ಮೇಲೆ ಕೂತಿದ್ದಳು. ಸೊಸೆ ಒಂದು ಮಾತೂ ಬೈಯಲಿಲ್ಲ. ಆದರೆ ಅಂದಿನಿಂದ ಹುಲಿಗೆಮ್ಮ ಹನುಮಸಾಗರ ಬಿಟ್ಟು ಕದಲಲಿಲ್ಲ. ಫಕೀರಮ್ಮ ಜನರೇಟರಿನ ಹತ್ತಿರ ಸುಳಿಯಲಿಲ್ಲ.

ಈ ಸಲ ಬೇಸಿಗೆ ಶುರುವಾಗುವ ಮೊದಲು ಮೆಹಜಬೀನ ಬಂದಳು. ಅವಳು ಅದೇ ಊರಿನ ಅಂಗನವಾಡಿ ಟೀಚರ್, ಹುಲಿಗೆಮ್ಮನ ಶಾಲೆಯ ದಿನಗಳ ಗೆಳತಿ.

"ಲೇ ಹುಲಿಗೀ, ಕೊಪ್ಪಳದಾಗ ಹೆಣ್ಣಮಕ್ಕಳ ಖೋಖೋ ಇಟ್ಟಾರ. ಮೂವತ್ತೈದು ದಾಟಿದವ್ರಿಗೆ ಬ್ಯಾರೇನ ಆಟ. ನಮ್ಮ ಸಾಲಿ ಟೀಮ್ ಮತ್ತ ಕೂಡಿಸೀನಿ. ಎಂಟು ಮಂದಿ ಆಗೇವಿ. ನೀ ಬಂದ್ರ ಒಂಬತ್ತು."

ಹುಲಿಗೆಮ್ಮ ತತ್ತಿಯ ಟ್ರೇ ಒರೆಸುತ್ತಲೇ ನಕ್ಕಳು. "ನಾ ಹೆಂಗ ಬರ್ಲೆ? ಇವನ್ನ ಯಾರು ಕಾಯ್ತಾರ?"

"ಹೋದ ವರ್ಷನೂ ಹಿಂಗ ಅಂದಿ. ಅದರ ಹಿಂದಿನ ವರ್ಷನೂ ಅಂದಿ."

"ಮುಂದಿನ ವರ್ಷನೂ ಅಂತೀನಿ. ಕರೆಂಟಿನವ್ರು ನನ್ನ ಕೇಳಿ ತಗೀತಾರೇನು?"

ಸಾಲಿಯಲ್ಲಿ ಹುಲಿಗೆಮ್ಮ ಓಡಲು ಇಳಿದರೆ ಮುಟ್ಟುವವರೇ ಇರಲಿಲ್ಲ. ಮುಟ್ಟಿಯೇ ಬಿಟ್ಟರು ಎನ್ನುವಷ್ಟರಲ್ಲಿ ಸೊಂಟ ಹೊರಳಿಸಿ ಮಾಯವಾಗುತ್ತಿದ್ದಳು. ಆಮೇಲೆ ಮದುವೆ, ಮಕ್ಕಳು, ಮಿಶನ್ನು.

ಹೊರಡುವಾಗ ಬಾಗಿಲಲ್ಲಿ ನಿಂತು ಮೆಹಜಬೀನ ಹೇಳಿದಳು: "ನಮ್ಮ ತಮ್ಮ ತೌಸೀಫ ಕುಷ್ಟಗ್ಯಾಗ ವೈರಿಂಗ್ ಕೆಲಸ ಮಾಡ್ತಾನಲ್ಲ, ಅವ ಆಸ್ಪತ್ರಿಗೆ ಒಂದು ಪ್ಯಾನೆಲ್ ಕುಂದರ್ಸ್ಯಾನ. ಕರೆಂಟು ಹೋದ್ರ ಜನರೇಟರ್ ತಾನ ಹತ್ತತೈತಂತ. ಬಂದ್ರ ತಾನ ಆರತೈತಂತ. ಕಳಸ್ಲೇನು?"

ಹುಲಿಗೆಮ್ಮನ ಕೈ ಟ್ರೇಯ ಮೇಲೆಯೇ ನಿಂತಿತು. "ತಾನ?"

"ತಾನ. ಯಾರೂ ಮುಟ್ಟೂದು ಬೇಕಿಲ್ಲ."

ರಾಮಾಂಜನೇಯನಿಗೆ ಮೊದಲಿಗೆ ಮನಸ್ಸಿರಲಿಲ್ಲ. "ಮನಷ್ಯಾ ನಿಂತು ನೋಡೂ ಕೆಲಸ, ಡಬ್ಬಿ ಏನ್ ನೋಡತೈತಿ?" ಎಂದ. ಹುಲಿಗೆಮ್ಮ ಜಗಳಾಡಲಿಲ್ಲ. ಊಟದ ತಾಟು ಮುಂದಿಡುತ್ತ, "ನಾ ಯಲಬುರ್ಗಾಕ್ಕ ಹೋಗಿ ಎಷ್ಟು ವರ್ಷಾತು? ತಮ್ಮನ ಮಗಳು ಸಾಲಿಗಿ ಹೋಗಾಕತ್ತಾಳಂತ. ಅಕಿ ಮಾರಿ ಫೋಟೋದಾಗ ನೋಡೀನಿ" ಎಂದಳು, ಅಷ್ಟೆ. ಮುಂದಿನ ಸಂತೆಗೆ ಗಂಗಾವತಿಗೆ ಹೋದವನು ತಿರುಗಿ ಬರುವಾಗ ಗಾಡಿಯಲ್ಲಿ ಬುಟ್ಟಿಗಳ ಬದಲು ಒಂದು ಜನರೇಟರ್ ತಂದ. ಅಕ್ಕಿ ಗಿರಣಿಯವರೊಬ್ಬರು ದೊಡ್ಡದು ತಂದು ಇದನ್ನು ತೆಗೆದಿದ್ದರಂತೆ. ಹಿಡಿಕೆ ತಿರುವುವುದಲ್ಲ, ಕಾರಿನ ಹಾಗೆ ಬ್ಯಾಟರಿಯಿಂದ ಚಾಲೂ ಆಗುವಂಥದ್ದು.

ತೌಸೀಫ ಪ್ಯಾನೆಲ್ ಹೊತ್ತು ಬಂದ. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಅದರ ಬಾಗಿಲಲ್ಲಿ ಸಣ್ಣ ದೀಪಗಳು. ಮಾತು ಕಡಿಮೆಯ ಮನುಷ್ಯ, ಆದರೆ ಹುಲಿಗೆಮ್ಮ ಕೇಳಿದ್ದಕ್ಕೆಲ್ಲ ನಿಂತು ಉತ್ತರ ಕೊಟ್ಟ. ಮೇನ್ ಬಂದ್ ಮಾಡಿ ಹಳೇ ಜನರೇಟರಿನ ಮೇಲೆ ಮಿಶನ್ನು ಓಡಿಸುತ್ತ ಕೆಲಸ ಶುರುವಾಯಿತು. ಅವಳೇ ಕೇಬಲ್ ಹಿಡಿದು ಕೊಟ್ಟಳು, ಅವಳೇ ಗೋಡೆಗೆ ಗುರುತು ಹಾಕಿದಳು.

"ಇಲ್ನೋಡ್ರಿ ಅಕ್ಕಾರ," ಎಂದು ಅವನು ಪೆಟ್ಟಿಗೆಯ ಒಳಗೆ ಬೆರಳು ತೋರಿಸಿದ. "ಈ ಕಡೆ ಕಂಬದ ಕರೆಂಟು ಬರತೈತಿ. ಆ ಕಡೆ ಜನರೇಟರಿಂದು. ನಡುವಿನಿಂದ ನಿಮ್ಮ ಮಿಶನ್ನಿಗಿ ಹೋಗತೈತಿ. ಒಂದು ಕೂಡಿದ್ರ ಇನ್ನೊಂದು ಕೂಡಾಕ ಬರೂದಿಲ್ಲ, ನಡುವ ಕಬ್ಬಿಣದ ಪಟ್ಟಿ ಅಡ್ಡ ಐತಿ."

"ಎರಡೂ ಕೂಡಿದ್ರ ಏನಾಗತೈತಿ?"

"ನಮ್ಮ ಜನರೇಟರಿನ ಕರೆಂಟು ಹಿಂದ ಹರಿದು ಕಂಬಕ್ಕ ಹೋಗತೈತ್ರಿ. ಕರೆಂಟು ಇಲ್ಲ ಅಂತ ಕಂಬ ಹತ್ತಿದ ಲೈನಮನ್ ಸಾಯ್ತಾನ."

ಹುಲಿಗೆಮ್ಮ ಆ ಪಟ್ಟಿಯನ್ನು ಬಗ್ಗಿ ನೋಡಿದಳು. ಇಷ್ಟು ವರ್ಷ ಗೋಡೆಯ ಸ್ವಿಚ್ಚನ್ನು ಅವಸರದಲ್ಲಿ ಎಳೆದಾಡಿದ್ದೆಲ್ಲ ನೆನಪಾಯಿತು.

ಮುಖ್ಯ ಕೇಬಲ್‌ಗಳು ಮುಗಿದ ಮೇಲೆ ತೆಳು ವೈರುಗಳ ಸರದಿ. ಕಂಬದ ಕರೆಂಟು ಇದೆಯೋ ಇಲ್ಲವೋ ಎಂದು ಪ್ಯಾನೆಲ್ಲಿಗೆ ತಿಳಿಸುವ ವೈರು, ಜನರೇಟರಿಗೆ 'ಏಳು' ಎಂದು ಹೇಳುವ ವೈರು, ಬ್ಯಾಟರಿ ಇಳಿಯದಂತೆ ಚಾರ್ಜು ಮಾಡುವ ವೈರು. ಹೊಸ ಅರ್ಥಿಂಗಿಗೆ ತೆಗ್ಗು ತೋಡಿದ್ದು ರಾಮಾಂಜನೇಯ. ಡಬ್ಬಿ ಎಂದವನು ಈಗ ಊಟಕ್ಕೆ ಕರೆದರೂ ಏಳದೆ ಪೆಟ್ಟಿಗೆಯ ಮುಂದೆಯೇ ಕೂತಿದ್ದ.

ಎಲ್ಲ ಬಿಗಿದಾದ ಮೇಲೆ ತೌಸೀಫ ಮೇನ್ ಏರಿಸಿ ಮಿಶನ್ನುಗಳನ್ನು ಮತ್ತೆ ಕಂಬದ ಕರೆಂಟಿಗೆ ತಂದ, ಆಮೇಲೆ ಪರೀಕ್ಷೆಗೆಂದು ಅದನ್ನು ಕೆಳಗಿಳಿಸಿದ. ಫ್ಯಾನುಗಳು ನಿಂತವು. ಹುಲಿಗೆಮ್ಮನ ಕಾಲು ಅಭ್ಯಾಸಬಲದಿಂದ ಹಿತ್ತಲಿನತ್ತ ಎದ್ದೇ ಬಿಟ್ಟಿತು. ಅವಳು ತಡೆದು ನಿಂತಳು. ಹೊರಗೆ ಜನರೇಟರ್ ಒಮ್ಮೆ ಕೆಮ್ಮಿ ಎದ್ದಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗೆ ಧಡ್ ಎಂದಿತು. ದೀಪ ಹತ್ತಿದವು, ಫ್ಯಾನು ತಿರುಗಿದವು. ರಾಮಾಂಜನೇಯ ಚಪ್ಪಾಳೆ ಹೊಡೆದ.

ಹುಲಿಗೆಮ್ಮ ಹೊಡೆಯಲಿಲ್ಲ. ಸದ್ದು ಸರಿಯಿರಲಿಲ್ಲ. ಗುಂಯ್ ಎನ್ನುವುದರಲ್ಲಿ ಏನೋ ಒಂದು ಎಳೆದಂತೆ. ಅವಳು ಗೋಡೆಯ ದೊಡ್ಡ ಫ್ಯಾನಿನ ಮುಂದೆ ಹೋಗಿ ಅಂಗೈ ಹಿಡಿದಳು. ಒಳಗಿನ ಬಿಸಿಗಾಳಿಯನ್ನು ಹೊರಗೆ ದಬ್ಬಬೇಕಾದ ಫ್ಯಾನು ಹೊರಗಿನ ಧೂಳನ್ನೇ ಒಳಗೆ ತುಂಬುತ್ತಿತ್ತು.

"ತೌಸೀಫಾ, ಇದು ಉಲ್ಟಾ ತಿರಗಾಕತ್ತೈತಿ ನೋಡೋ!"

ಅವನು ಓಡಿ ಬಂದು ನೋಡಿ ಹಣೆ ಬಡಿದುಕೊಂಡ. "ಮೂರು ಫೇಸಿನ ಸಾಲು ತಪ್ಪೈತ್ರಿ ಅಕ್ಕಾರ. ಕಂಬದ್ದು ಒಂದು ಸಾಲು, ಜನರೇಟರಿಂದು ಇನ್ನೊಂದು. ನಾ ಮೊದಲ ನೋಡಬೇಕಿತ್ತು. ಎರಡು ವೈರು ಅದಲಿಬದಲಿ ಮಾಡಿದ್ರ ಸರಿಯಾಗತೈತಿ." ಎಲ್ಲವನ್ನೂ ಬಂದ್ ಮಾಡಿ, ಕರೆಂಟಿಲ್ಲ ಎಂದು ಟೆಸ್ಟರ್ ಹಚ್ಚಿ ನೋಡಿ, ಜನರೇಟರಿನ ಕಡೆಯ ಎರಡು ವೈರು ಬಿಚ್ಚಿ ಜಾಗ ಬದಲಿಸಿ ಬಿಗಿದು, ಮತ್ತೆ ಮೇನ್ ಏರಿಸಿದ.

"ಈಗ ನಾ ಇಳಸೂದಿಲ್ಲ," ಎಂದ ತೌಸೀಫ. "ಅಮ್ಮಾರು ಇಳಸ್ಲಿ."

ಫಕೀರಮ್ಮ ಬಾಗಿಲ ಆಚೆಯೇ ನಿಂತಿದ್ದಳು. "ಒಲ್ಲೆಪ್ಪ, ನನ್ನ ಕೈಗುಣ ಛಲೋ ಇಲ್ಲ" ಎಂದು ಹಿಂದೆ ಸರಿದಳು. ಹುಲಿಗೆಮ್ಮ ಹೋಗಿ ಅತ್ತೆಯ ಕೈ ಹಿಡಿದು ಕರೆತಂದಳು. "ಬರ್ರಿ ಅತ್ತಿ. ನಾ ಇಲ್ಲೇ ಅದೀನಲ್ಲ."

ಮುದುಕಿ ಕಣ್ಣು ಮುಚ್ಚಿ ಮೇನ್ ಕೆಳಗಿಳಿಸಿದಳು. ಫ್ಯಾನುಗಳೆಲ್ಲ ನಿಂತವು. ಅವಳ ತುಟಿ ಮಾತ್ರ ಏನೋ ದೇವರ ಹೆಸರು ಹೇಳುತ್ತಿತ್ತು. ಜನರೇಟರ್ ಎದ್ದಿತು. ಧಡ್. ಫ್ಯಾನು ತಿರುಗಿದವು. ಈ ಸಲ ಬಿಸಿಗಾಳಿ ಹೊರಗೇ ಹೋಯಿತು, ಸದ್ದು ಕೂಡ ಹುಲಿಗೆಮ್ಮನಿಗೆ ಗೊತ್ತಿದ್ದ ಸದ್ದೇ. ಮೇನ್ ಮೇಲೇರಿಸಿದರೆ ಪ್ಯಾನೆಲ್ ತುಸು ತಡೆದು ಕಂಬದ ಕರೆಂಟಿಗೆ ಮರಳಿತು. ಜನರೇಟರ್ ಸ್ವಲ್ಪ ಹೊತ್ತು ಒಬ್ಬಂಟಿಯಾಗಿ ಓಡಿ ತಾನೇ ಆರಿತು.

ಫಕೀರಮ್ಮ ಕಣ್ಣು ಬಿಟ್ಟಳು. "ನಾ ಏನೂ ಮಾಡ್ಲಿಲ್ಲಲ್ಲೋ?"

"ಏನೂ ಮಾಡ್ಲಿಲ್ಲ ಅಮ್ಮಾ," ಎಂದ ತೌಸೀಫ.

"ಇನ್ನೊಮ್ಮಿ ಇಳಸ್ಲೇನು?"

ಎಲ್ಲರೂ ನಕ್ಕರು. ಆ ಮಧ್ಯಾಹ್ನ ಅವಳು ಬೇಕಾದಷ್ಟು ಸಲ ಇಳಿಸಿದಳು, ಏರಿಸಿದಳು. ಕಡೆಗೆ ಡೀಸೆಲ್ ಮುಗಿಯುತ್ತದೆಂದು ಮಗನೇ ಕೈ ಹಿಡಿದು ನಿಲ್ಲಿಸಬೇಕಾಯಿತು.

ಹುಲಿಗೆಮ್ಮ ಒಂಬತ್ತನೆಯವಳಾಗಿ ಟೀಮು ಸೇರಿದಳು. ಆಟದ ದಿನ ರಾಮಾಂಜನೇಯ ಮರಿ ಮಾರಲು ಗಂಗಾವತಿಗೆ ಹೋದ. ಮಿಶನ್ನಿನಲ್ಲಿ ತತ್ತಿ ಒಡೆಯುವ ಹಂತದಲ್ಲಿದ್ದವು. ಹ್ಯಾಚರಿಯಲ್ಲಿ ಉಳಿದವಳು ಫಕೀರಮ್ಮ ಒಬ್ಬಳೇ. ಬಸ್ಸು ಕುಷ್ಟಗಿ ದಾಟುವಷ್ಟರಲ್ಲಿ ಹುಲಿಗೆಮ್ಮ ಮೂರು ಸಲ ಫೋನು ತೆಗೆದು ನೋಡಿದಳು. ಕೊಪ್ಪಳದ ಮೈದಾನಕ್ಕೆ ಇಳಿದಾಗ ಮಗಳ ಚೂಡಿದಾರ ತೊಟ್ಟು, ವೇಲು ಸೊಂಟಕ್ಕೆ ಬಿಗಿದಿದ್ದಳು.

ಮೊದಲ ಆಟ ಕಷ್ಟಪಟ್ಟು ಗೆದ್ದರು. ಎರಡನೆಯದರಲ್ಲಿ ಹುಲಿಗೆಮ್ಮ ಓಡುತ್ತಿದ್ದಾಗ, ಅಷ್ಟು ಹೊತ್ತು ಕಿರುಚುತ್ತಿದ್ದ ಮೈಕು ಒಮ್ಮೆಲೇ ಬಂದಾಯಿತು. ಕರೆಂಟು ಹೋಗಿತ್ತು. ಹುಲಿಗೆಮ್ಮ ಓಡುತ್ತಿದ್ದವಳು ಇದ್ದಲ್ಲೇ ನಿಂತುಬಿಟ್ಟಳು. ಎದುರಿನವಳು ಬಂದು ಬೆನ್ನು ಮುಟ್ಟಿದಳು. ಔಟ್.

ಉಳಿದವರು ಹೇಗೋ ಆ ಆಟ ಉಳಿಸಿಕೊಂಡರು. ಮೆಹಜಬೀನ ಅವಳನ್ನು ಬೇವಿನ ಮರದ ನೆರಳಿಗೆ ಕರೆದೊಯ್ದಳು. "ಕೊಪ್ಪಳದಾಗ ಕರೆಂಟು ಹೋದ್ರ ನೀ ಯಾಕ ನಿಂತಿ?"

"ಕಾಲು ನಿಂತ್ವು, ನಾ ನಿಲ್ಲಲಿಲ್ಲ."

"ಫೋನ್ ಕೊಡಿಲ್ಲಿ." ಮೆಹಜಬೀನ ಅದನ್ನು ಕಸಿದು ತನ್ನ ಚೀಲಕ್ಕೆ ಹಾಕಿಕೊಂಡಳು. "ಅಲ್ಲಿ ನಿನ್ನ ಕೆಲಸ ಮಾಡಾಕ ಒಂದು ಪೆಟಿಗಿ ಐತಿ. ಇಲ್ಲಿ ನಿನ್ನ ಕೆಲಸ ಮಾಡಾಕ ಯಾರೂ ಇಲ್ಲ."

ಫೈನಲ್ಲಿಗೆ ಬಂದವರು ಗಂಗಾವತಿಯ ಟೀಮು. ಎತ್ತರದ, ಗಟ್ಟಿ ಕಾಲಿನ ಹೆಂಗಸರು. ಹನುಮಸಾಗರದವರು ಮೊದಲು ಬೆನ್ನಟ್ಟಿ ಒಳ್ಳೆಯ ಅಂಕ ಮಾಡಿದರು. ಆಮೇಲೆ ಗಂಗಾವತಿಯವರು ಬೆನ್ನಟ್ಟತೊಡಗಿ ಒಬ್ಬೊಬ್ಬರನ್ನೇ ಹೊರಗೆ ಕಳಿಸಿದರು. ಮೆಹಜಬೀನ ಔಟಾದಳು. ಅನ್ನಮ್ಮ ಎಂಬ ಇನ್ನೊಬ್ಬ ಗೆಳತಿ ಕಣದ ತುದಿಯ ಕಂಬದ ಹತ್ತಿರ ಜಾರಿ ಔಟಾದಳು. ಕಣದಲ್ಲಿ ಹುಲಿಗೆಮ್ಮ ಒಬ್ಬಳೇ. ಅವಳನ್ನೂ ಮುಟ್ಟಿದರೆ ಅಂಕ ಸಮ. ಸಮವಾದರೆ ಮತ್ತೊಮ್ಮೆ ಆಡಬೇಕು, ಅಷ್ಟು ಉಸಿರು ಯಾರಲ್ಲೂ ಉಳಿದಿರಲಿಲ್ಲ.

"ಖೋ!" ಎಂದಿತು ಒಂದು ದನಿ ಬೆನ್ನ ಹಿಂದೆ. ಹುಲಿಗೆಮ್ಮ ಹೊರಳಿದಳು. "ಖೋ!" ಎಂದಿತು ಎದುರಿಗೇ. ಅವಳು ಕೂತವರ ನಡುವೆ ನುಸುಳಿ ಆಚೆ ಬಿದ್ದಳು. ಮೊಣಕಾಲು ತರಚಿತು, ತಿಳಿಯಲಿಲ್ಲ. ಮೈಕು ಮತ್ತೆ ಶುರುವಾಗಿತ್ತೋ ಇಲ್ಲವೋ, ಅದೂ ತಿಳಿಯಲಿಲ್ಲ. ಕಂಬದ ಹತ್ತಿರ ಗಂಗಾವತಿಯ ನಾಯಕಿ ಮೈಚಾಚಿ ಹಾರಿದಳು. ಹುಲಿಗೆಮ್ಮ ಸೊಂಟ ಹಿಂದಕ್ಕೆ ಎಳೆದುಕೊಂಡಳು. ಆ ಬೆರಳು ವೇಲಿನ ಅಂಚಿಗೂ ತಾಗದೆ ನೆಲಕ್ಕೆ ಬಿತ್ತು. ಸುತ್ತ ಕೂತವರೆಲ್ಲ ಎದ್ದು ನಿಂತರು. ಇನ್ನೂ ಒಂದು ಸುತ್ತು, ಇನ್ನೂ ಒಂದು. ಎದೆಯಲ್ಲಿ ಬೆಂಕಿ ಹತ್ತಿದಂತಾಗಿ ಇನ್ನು ಆಗುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಹೊತ್ತು ಮುಗಿದ ಸೀಟಿ ಕೇಳಿತು.

ಎಂಟೂ ಮಂದಿ ಬಂದು ಅವಳ ಮೇಲೆ ಬಿದ್ದರು. ಮಣ್ಣಲ್ಲಿ ಅಂಗಾತ ಬಿದ್ದು ಹುಲಿಗೆಮ್ಮ ಬಿದ್ದೂ ಬಿದ್ದೂ ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಗೆದ್ದ ಕಪ್ ತೆಗೆದುಕೊಂಡು ಬಂದ ಮೇಲೆ ಮೆಹಜಬೀನ ಚೀಲದಿಂದ ಫೋನು ತೆಗೆದಳು. ಅವಳ ಮುಖ ಬದಲಾಯಿತು. ಎತ್ತದೆ ಬಿಟ್ಟ ಕರೆಗಳ ಸಾಲಿನಲ್ಲಿ ಹುಲಿಗೆಮ್ಮನ ಅತ್ತೆಯ ಹೆಸರೇ ಮೇಲಿಂದ ಕೆಳಗಿನವರೆಗೆ. ಹುಲಿಗೆಮ್ಮ ಫೋನು ಕಸಿದುಕೊಂಡಳು. ಆ ಹೆಸರನ್ನೇ ಒತ್ತಿದಳು.

"ಅತ್ತೀ, ಏನಾತ್ರಿ? ಕರೆಂಟು ಹೋಗಿತ್ತೇನ್ರಿ?"

"ಹೋಗಿತ್ತವ್ವ. ಮುಂಜಾನಿಂದ ಎರಡು ಸಲ ಹೋತು. ಒಮ್ಮಿ ಭಾಳ ಹೊತ್ತು ಬರ್ಲೇ ಇಲ್ಲ."

"ಮತ್ತ ಮರಿ?"

"ಮರೀಗೇನಾಗೈತಿ, ಚಿಂವ್‌ಚಿಂವ್ ಅಂತ ನನ್ನ ಕಿವಿ ತಿನ್ನಾಕತ್ತಾವ. ಅದು ತಾನ ಹತ್ತಿತು, ತಾನ ಆರಿತು. ನಾ ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೊಂಡೆ."

"ಹಂಗಾದ್ರ ಯಾಕ ಇಷ್ಟು ಸಲ ಫೋನ್ ಮಾಡೀರಿ?"

"ಗೆದ್ರೋ ಇಲ್ಲೋ ಕೇಳಾಕ! ಒಬ್ಬಾಕಿನೂ ಎತ್ತೂದಿಲ್ಲಂದ್ರ ಹೆಂಗ?"

ಹುಲಿಗೆಮ್ಮ ಫೋನನ್ನು ಮೇಲೆತ್ತಿ ಹಿಡಿದಳು. ಒಂಬತ್ತು ಮಂದಿಯೂ ಒಂದೇ ದನಿಯಲ್ಲಿ ಕೂಗಿದರು: "ಗೆದ್ದೇವ್ರೀ!" ಆ ಕಡೆಯಿಂದ ಮುದುಕಿಯ ನಗು ಕೇಳಿತು, ಅದರ ಹಿಂದೆ ಮರಿಗಳ ಸದ್ದು.

ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಬಜಿ ಕರಿಯುತ್ತಿದ್ದರು. ಎಲ್ಲರೂ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತು ಮಂಡಕ್ಕಿ ತರಿಸಿದರು. ಕುಷ್ಟಗಿಯ ಬಸ್ಸು ಬಂದು ನಿಂತಿತು.

"ಹುಲಿಗೀ, ಬಸ್ಸು ಬಂತು ನೋಡು, ಓಡು" ಎಂದಳು ಅನ್ನಮ್ಮ.

"ಹೋಗ್ಲಿ ಬಿಡ. ಅದರ ಹಿಂದ ಮತ್ತೊಂದು ಬರತೈತಿ," ಎಂದು ಹುಲಿಗೆಮ್ಮ ಬಜಿಯವನ ಕಡೆ ತಿರುಗಿದಳು. "ಅಣ್ಣಾ, ಇನ್ನೊಂದು ಪ್ಲೇಟು ಹಾಕ್ರಿ. ಬಿಸೀದು."